ನೇರಳೆ ನೂಲಿನ ಬಾಟಲಿ

ಮಂಗಳವಾರ, 15 ಏಪ್ರಿಲ್ 1986

ಸಕಾರಿಸ್,

ಮೊದಲು 'ಪ್ರಿಯ' ಅಂತ ಬರೆದೆ, ಹೊಡೆದು ಹಾಕಿದೆ. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ, ಅದೂ ಸರಿ ಕಾಣಲಿಲ್ಲ. ಮೂವತ್ತು ವರ್ಷದಿಂದ ನಿನಗೆ ನಾನು ಬರೆದಿರುವುದೆಲ್ಲ ಆಸ್ಪತ್ರೆಯ ಮೂತ್ರ ಪರೀಕ್ಷೆಯ ಅಚ್ಚಿನ ಚೀಟಿಯಲ್ಲೇ. ಸಕ್ಕರೆ ಇಲ್ಲ. ರಕ್ತ ಇಲ್ಲ. ಬಿಳಿ ರಕ್ತಕಣ ಒಂದೆರಡು, ಚಿಂತೆಯಿಲ್ಲ. ಕೆಳಗೆ ನನ್ನ ಸಹಿ. ಅಂಥವಳು ಇಷ್ಟು ದೊಡ್ಡ ಹಾಳೆ ಎದುರಿಗೆ ಇಟ್ಟುಕೊಂಡರೆ ಕೈ ಓಡುವುದಿಲ್ಲ. ಬರೀ ಹೆಸರಿರಲಿ, ಅದರಲ್ಲೇ ಎಲ್ಲ ಬಂತು ಅಂದುಕೋ.

ನಿನ್ನ ಈ ವರ್ಷದ ಬಾಟಲಿ ನಿನ್ನೆಯ ಟಪಾಲು ದೋಣಿಯಲ್ಲಿ ಬಂತು. ಎಂದಿನ ಹಾಗೆ ಬಿಸ್ಕತ್ತಿನ ಡಬ್ಬಿಯೊಳಗೆ, ಹಳೆ ಕಾಲುಚೀಲದಲ್ಲಿ ಸುತ್ತಿ, ಕುತ್ತಿಗೆಗೆ ನೇರಳೆ ಬಣ್ಣದ ಉಣ್ಣೆ ನೂಲು ಕಟ್ಟಿ. ಎಂದಿನ ಹಾಗೆ ನಾನು ಮೊದಲು ನೂಲು ಬಿಚ್ಚಿದೆ. ಅದನ್ನು ಕೋಕೋ ಡಬ್ಬಿಯಲ್ಲಿ ಉಳಿದ ಇಪ್ಪತ್ತೊಂಬತ್ತರ ಜೊತೆ ಇಟ್ಟೆ. ಆಮೇಲೆ ಬಾಟಲಿಯ ನೀರನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತದ್ದನ್ನು ಒಂದು ಹನಿ ಗಾಜಿನ ಮೇಲೆ ಬಿಟ್ಟು, ಬಾಗಿಲು ಹಾಕಿಕೊಂಡು ಮೈಕ್ರೋಸ್ಕೋಪಿನ ಮುಂದೆ ಕೂತೆ. ಬೇರೆಯವರ ಬಾಟಲಿ ನೋಡುವಾಗ ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಅದು ನಿನ್ನದಲ್ಲ, ಸಕಾರಿಸ್.

ಅದು ಹೆಂಗಸಿನದು. ನಿನ್ನ ಹೆಂಡತಿ ಮಾಲಾನ್‌ಳದೋ ಮಗಳದೋ ನನಗೆ ಗೊತ್ತಿಲ್ಲ, ಅಷ್ಟು ದೂರ ನನ್ನ ಕಣ್ಣು ಹೋಗುವುದಿಲ್ಲ. ಆದರೆ ಹೆಂಗಸರ ಮೂತ್ರದಲ್ಲಿ ಅಗಲವಾದ ಚಪ್ಪಟೆ ಕಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಗಂಡಸರದ್ದರಲ್ಲಿ ಹುಡುಕಿದರೂ ಅಷ್ಟು ಸಿಗುವುದಿಲ್ಲ. ಇದು ನನಗೆ ತಿಳಿಯುತ್ತದೆ ಅಂತ ನಿನಗೆ ಗೊತ್ತು. ಒಮ್ಮೆ ಇದೇ ಕೆಲಸ ಮಾಡಿ ನನ್ನ ಕೈಗೆ ಸಿಕ್ಕಿಬಿದ್ದವನು ನೀನು. ಗೊತ್ತಿದ್ದೂ ಮತ್ತೆ ಕಳಿಸಿದ್ದೀಯ. ಮುದುಕಿಯ ಕಣ್ಣು ಮಂಜಾಗಿರುತ್ತದೆ ಅಂದುಕೊಂಡೆಯೋ, ಅಥವಾ ಈ ಸಲವಾದರೂ ಇವಳು ಬಾಯಿ ಮುಚ್ಚಿಕೊಂಡಿರಲಿ ಅಂದುಕೊಂಡೆಯೋ, ನೀನೇ ಹೇಳಬೇಕು.

ಯಾಕೆ ಅಂತ ಮಾತ್ರ ನೀನು ಹೇಳಬೇಕಾಗಿಲ್ಲ, ಅದು ಗೊತ್ತಾಯಿತು. ನಮ್ಮ ಫಾರೋ ದ್ವೀಪಗಳ ರೇಡಿಯೋದ ಸಂಜೆಯ ವಾರ್ತೆಯಲ್ಲಿ ಹೊರಡುವ ಹಡಗುಗಳ ಹೆಸರು ಹೇಳುತ್ತಾರಲ್ಲ. ಶನಿವಾರ ನಿನ್ನ ಮಗನ ಹಡಗು ಗ್ರೀನ್‌ಲ್ಯಾಂಡಿಗೆ ಹೊರಡುತ್ತದೆ. ಅಡುಗೆಗೆ ಅಪ್ಪನನ್ನೇ ಕರೆದುಕೊಂಡು ಹೋಗುತ್ತಾನಂತೆ ಅಂತ ಹಾಲಿನ ಅಂಗಡಿಯಲ್ಲಿ ಹೇಳಿದರು. ಕೇಳಿ ನನಗೆ ಖುಷಿಯೇ ಆಯಿತು, ಆಣೆ ಮಾಡಿ ಹೇಳುತ್ತೇನೆ. ಅಂತೂ ಇವನು ಗ್ರೀನ್‌ಲ್ಯಾಂಡ್ ನೋಡುತ್ತಾನಲ್ಲ ಅಂದುಕೊಂಡು ಹಾಲಿನ ಪಾತ್ರೆಯನ್ನು ಅಲ್ಲೇ ಮರೆತು ಮನೆಗೆ ಬಂದೆ. ಅದಾಗಿ ಮೂರು ದಿನಕ್ಕೆ ಈ ಬಾಟಲಿ.

ಹೋದ ವರ್ಷದ್ದರಲ್ಲೇ ಬಿಳಿ ಕಣ ಏಳೆಂಟು ಇದ್ದವು. ನಿನಗೆ ಯಾವಾಗಲೂ ಒಂದು, ಎರಡು, ಅಷ್ಟೇ. 'ತಿಂಗಳು ಬಿಟ್ಟು ಮತ್ತೆ ಕಳಿಸಿ' ಅಂತ ಚೀಟಿಯಲ್ಲಿ ಬರೆದಿದ್ದೆ. ನೀನು ಕಳಿಸಲಿಲ್ಲ. ನಾನೂ ಸುಮ್ಮನಾದೆ. ಮತ್ತೆ ಮತ್ತೆ ಬರೆದರೆ ನೆಪ ಹುಡುಕುತ್ತಾಳೆ ಅಂದುಕೊಳ್ಳುತ್ತೀಯೇನೋ ಅನ್ನುವ ನಾಚಿಕೆ ನನಗೆ. ಐವತ್ತಾರು ವರ್ಷದವಳಿಗೆ ಎಂಥ ನಾಚಿಕೆಯೋ. ಆ ತಪ್ಪು ನನ್ನದೇ, ನಿನ್ನ ತಲೆಗೆ ಕಟ್ಟುವುದಿಲ್ಲ.

ನಾಚಿಕೆಯಿಂದಲೇ ಅಲ್ಲವೇ ಎಲ್ಲ ಶುರುವಾದದ್ದು. ಆಗಲೂ ಇದೇ ಏಪ್ರಿಲ್, ಮೂವತ್ತೆರಡು ವರ್ಷದ ಹಿಂದೆ. ಹಾನುಸನ ಹಡಗಿನಲ್ಲಿ ನೀವು ಒಂಬತ್ತು ಜನ ಗ್ರೀನ್‌ಲ್ಯಾಂಡಿಗೆ ಹೊರಟವರು. ಹಿಂದಿನ ಬೇಸಿಗೆಯಲ್ಲಿ ಒಬ್ಬ ಸಮುದ್ರದ ನಡುವೆ ಮೂತ್ರಪಿಂಡ ಕೆಟ್ಟು ಸತ್ತಿದ್ದ. ಹಾಗಾಗಿ ನಮ್ಮ ಡೇನಿಶ್ ಡಾಕ್ಟರ್ ಲೊಮ್‌ಹೋಲ್ಟ್ ಹೊಸ ಕಟ್ಟಳೆ ಮಾಡಿದ್ದರು: ಹೊರಡುವ ಮೊದಲು ಪ್ರತಿಯೊಬ್ಬನ ಮೂತ್ರವೂ ಪರೀಕ್ಷೆಗೆ ಬರಬೇಕು. ನಾನು ಕೋಪನ್‌ಹೇಗನ್ನಿನಲ್ಲಿ ಪ್ರಯೋಗಾಲಯದ ಕೆಲಸ ಕಲಿತು ಬಂದು ಒಂದೂವರೆ ವರ್ಷವಾಗಿತ್ತು. ಗ್ರೀನ್‌ಲ್ಯಾಂಡಿನಿಂದ ನೀನು ಬಂದ ಮೇಲೆ, ಅಕ್ಟೋಬರಿನಲ್ಲಿ, ನಮ್ಮ ಮದುವೆ.

ಒಂಬತ್ತು ಬಾಟಲಿ ಬಂದವು. ಕೆಮ್ಮಿನ ಔಷಧದ್ದು ಮೂರು, ವೆನಿಲ್ಲಾ ಎಸೆನ್ಸಿನದು ಒಂದು, ಉಳಿದವು ಬಿಯರಿನವು. ಎಲ್ಲದರ ಮೇಲೂ ಹಾನುಸನ ಕೈಬರಹದಲ್ಲಿ ಹೆಸರು. ಸಾಲಾಗಿ ಜೋಡಿಸಿಟ್ಟೆ. ಮೊದಲನೆಯದು, ಕ್ಯಾಪ್ಟನ್ ಹಾನುಸನದು, ಗಟ್ಟಿ ಚಹಾದ ಬಣ್ಣ. ಅದರ ಮುಂದಿನದು ಸ್ವಲ್ಪ ತೆಳು. ಅದರ ಮುಂದಿನದು ಇನ್ನೂ ತೆಳು. ಒಂಬತ್ತನೆಯದು, ಅಡುಗೆಯ ಪೇಟುರನದು, ತೊಳೆದ ಲೋಟದ ನೀರಿನ ಹಾಗಿತ್ತು. ಒಳ್ಳೆ ಶಿಸ್ತಿನ ಹಡಗು, ಹುದ್ದೆಗೆ ತಕ್ಕ ಹಾಗೆ ಬಣ್ಣವೂ ಇಳಿಯುತ್ತದೆ ಅಂತ ಒಬ್ಬಳೇ ನಕ್ಕೆ.

ಮೊದಲ ಗಾಜಿನಲ್ಲೇ ಒಂದು ನೇರಳೆ ಎಳೆ ಕಂಡಿತು. ಉಣ್ಣೆಯ ಎಳೆ, ಕೂದಲಿನಷ್ಟು ಸಣ್ಣದು. ಎರಡನೆಯದರಲ್ಲಿ ಇನ್ನೊಂದು. ಐದನೆಯದರ ಹೊತ್ತಿಗೆ ನನಗೆ ಅರ್ಥವಾಯಿತು. ಆ ಬಣ್ಣ ನಮ್ಮೂರಿನಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು ತಂದು, ನಮ್ಮಜ್ಜಿಯ ಹಳೇ ಪೀಪಾಯಿಯಲ್ಲಿ ನೆನೆಹಾಕಿ, ನಾನೇ ಕಟ್ಟಿದ ಬಣ್ಣ ಅದು. ಆ ನೂಲಿನಲ್ಲಿ ನಿನಗೊಂದು ಮಫ್ಲರ್ ಹೆಣೆದಿದ್ದೆ. ಬಾಟಲಿಯ ಬಾಯಿಯನ್ನು ನೀನು ಅದರಲ್ಲೇ ಒರೆಸಿದ್ದೆ. ಒಂಬತ್ತು ಬಾಟಲಿಯನ್ನೂ.

ಆ ಮಫ್ಲರ್ ಕೊಟ್ಟ ದಿನ ನೆನಪಿದೆಯಾ? ನೀನು ಅದನ್ನು ಮೂಸಿ ನೋಡಿ, "ಯಾವುದರಲ್ಲಿ ನೆನೆಸಿದ್ದು ಇದನ್ನ?" ಅಂದೆ. ನಾನು ನಿಜ ಹೇಳಿದೆ. ಹಳೆಯವರು ಕಲ್ಲುಹೂವಿನ ಬಣ್ಣ ಬಿಡಿಸುತ್ತಿದ್ದದ್ದೇ ಹುಳಿ ಬಂದ ಉಚ್ಚೆಯಲ್ಲಿ. ನಮ್ಮಜ್ಜಿ ಮನೆಮಂದಿಯದ್ದನ್ನೆಲ್ಲ ಚಳಿಗಾಲ ಪೂರ್ತಿ ಆ ಪೀಪಾಯಿಯಲ್ಲಿ ಕೂಡಿಡುತ್ತಿದ್ದಳು, ಬಂದ ನೆಂಟರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ನೀನು ನಕ್ಕು ನಕ್ಕು ಗೋಡೆಗೆ ಒರಗಿದೆ. "ಅಲ್ಲ ಕಣೇ, ಆಸ್ಪತ್ರೆಯಲ್ಲೂ ಅದೇ, ಮನೆಯಲ್ಲೂ ಅದೇ, ಈಗ ನನ್ನ ಕುತ್ತಿಗೆಗೂ ಅದನ್ನೇ ಸುತ್ತಿದೆಯಲ್ಲ ಮಾರಾಯ್ತಿ" ಅಂದೆ. ಅಂದವನು ಆಮೇಲೆ ಅದನ್ನು ಕುತ್ತಿಗೆಯಿಂದ ತೆಗೆಯಲೇ ಇಲ್ಲ. ಚರ್ಚಿಗೂ ಅದನ್ನೇ ಸುತ್ತಿಕೊಂಡು ಬರುತ್ತಿದ್ದೆ.

ಹಾಗಾಗಿ ಐದನೆಯ ಗಾಜಿನ ಹತ್ತಿರ ನನಗೆ ಮೊದಲು ಬಂದದ್ದು ನಗು. ಇಡೀ ಹಡಗಿನ ಪರವಾಗಿ ನೀನೊಬ್ಬನೇ ಕೆಟಲ್‌ಗಟ್ಟಲೆ ನೀರು ಕುಡಿದು, ಬಾಟಲಿ ಮೇಲೆ ಬಾಟಲಿ ತುಂಬಿಸುತ್ತ ನಿಂತಿರುವುದನ್ನು ನೆನೆದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಎಳೆಯಿಂದ ಕಣ್ಣು ಸರಿಸಿ ಸುತ್ತ ನೋಡಿದೆ.

ಬಿಳಿ ರಕ್ತಕಣ ಎಲ್ಲರ ಮೂತ್ರದಲ್ಲೂ ಒಂದೆರಡು ಇರುತ್ತವೆ. ಬೂದು ಬಣ್ಣದ ಗುಂಡು ಚುಕ್ಕಿಗಳು, ಸುಮ್ಮನೆ ಬಿದ್ದಿರುತ್ತವೆ. ನಿನ್ನದರಲ್ಲಿ ಎಣಿಸಲಾಗದಷ್ಟು. ಅಷ್ಟೊಂದು ನೀರು ಕುಡಿದಿದ್ದೆಯಲ್ಲ, ಆ ತೆಳು ನೀರನ್ನು ಹೀರಿ ಕಣಗಳೆಲ್ಲ ಊದಿಕೊಂಡಿದ್ದವು. ಒಳಗಿನ ಸಣ್ಣ ಕಾಳುಗಳು ಒಂದೇ ಸಮನೆ ನಡುಗುತ್ತ ಮಿನುಗುತ್ತಿದ್ದವು. ಕೊನೆಕೊನೆಯ ಬಾಟಲಿಗಳಲ್ಲಿ ಆ ಮಿನುಗು ಇನ್ನೂ ಹೆಚ್ಚು. ಪೇಟುರನ ಹೆಸರಿನ ಬಾಟಲಿಯಲ್ಲಂತೂ ಗಾಜಿನ ತುಂಬ ಹೊಳಪು. ಕೋಪನ್‌ಹೇಗನ್ನಿನ ನಮ್ಮ ಮೇಡಂ ಇದನ್ನು ಒಂದೇ ಒಂದು ಸಲ ತೋರಿಸಿದ್ದರು. "ಇದು ಕಂಡರೆ ಮೂತ್ರಪಿಂಡದ ಕಡೆ ನೋಡಬೇಕು ಎಲ್ಸ್ಪಾ. ಕೀವಿದ್ದೂ ಕ್ರಿಮಿ ಬೆಳೆಯದೆ ಹೋದರೆ ಕ್ಷಯವನ್ನ ಮರೀಬಾರದು" ಅಂದಿದ್ದರು. ನಾನು ಅಷ್ಟು ಚಂದದ್ದನ್ನು ಅವತ್ತಿನವರೆಗೆ ನೋಡಿರಲಿಲ್ಲ. ನೋಡಿದವಳೇ ಎದ್ದು, ಒಂಬತ್ತರಿಂದಲೂ ಒಂದೊಂದು ಹನಿಯನ್ನು ಕ್ರಿಮಿ ಬೆಳೆಯುತ್ತದೋ ಅಂತ ತಟ್ಟೆಗಳಿಗೆ ಹಾಕಿಟ್ಟೆ.

ಮರುದಿನ ಆ ತಟ್ಟೆಗಳನ್ನು ತೆರೆದೆ. ಒಂಬತ್ತೂ ಖಾಲಿ. ಏನೂ ಬೆಳೆದಿರಲಿಲ್ಲ.

ಡಾಕ್ಟರ್ ಲೊಮ್‌ಹೋಲ್ಟ್ ಚೀಟಿಗಳನ್ನು ನೋಡಿ ಕನ್ನಡಕ ತೆಗೆದರು. "ಒಂಬತ್ತು ಜನಕ್ಕೂ ಒಂದೇ ಕಾಯಿಲೆಯಾ? ಹಡಗಿನ ನೀರಿನ ಪೀಪಾಯಿಗೆ ಏನಾದ್ರೂ ಬಿದ್ದು ಸತ್ತಿರಬೇಕು" ಅಂದರು. ಕಾಯಿಲೆ ಒಬ್ಬನದೇ ಡಾಕ್ಟರೇ, ಒಂಬತ್ತೂ ಅವನದೇ ಅಂತ ಹೇಳಿ ನಿನ್ನ ಹೆಸರು ಹೇಳಿದೆ. ಅವರು ಎಲ್ಲರನ್ನೂ ಕರೆಸಿದರು. ಹಾನುಸ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನನ್ನ ಮುಂದೆ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅಲ್ಲಮ್ಮಾ, ನಿನ್ನ ತೊಟ್ಟಿಲು ತೂಗಿದವನು ನಾನು. ನಿನ್ನ ಕೈಗೆ ನನ್ನ ಉಚ್ಚೆ ಹೆಂಗೆ ಕೊಡ್ಲಿ? ಭಾನುವಾರ ಚರ್ಚಿನಲ್ಲಿ ನಿಮ್ಮಮ್ಮನ ಮುಖ ಹೆಂಗೆ ನೋಡ್ಲಿ?" ಅಂದ. ಪೇಟುರ್ ಹಿಂದಿನಿಂದ ದನಿ ಸೇರಿಸಿದ: "ಹೆಂಗಿದ್ರೂ ಇವನನ್ನ ಕಟ್ಕೊಳ್ಳೋಳು ನೀನೇ, ನಾಳೆ ಇವನ ಚಡ್ಡಿ ಒಗೆಯೋಳೂ ನೀನೇ. ಮನೆಯವನದ್ದಾದ್ರೆ ನಾಚಿಕೆ ಇಲ್ಲ ನೋಡು, ಅದಕ್ಕೇ ಎಲ್ಲರದ್ದೂ ಇವನೇ ಕೊಡ್ಲಿ ಅಂತ ತೀರ್ಮಾನ ಮಾಡಿದ್ವಿ." ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ನೀನೂ ನಗುತ್ತಿದ್ದೆ. ನಾನೊಬ್ಬಳೇ ನಗುತ್ತಿರಲಿಲ್ಲ, ಆಗ ನಿನ್ನ ನಗು ನಿಂತಿತು.

ಉಳಿದ ಎಂಟು ಜನರನ್ನು ಡಾಕ್ಟರ್ ಆಸ್ಪತ್ರೆಯ ಹಿತ್ತಲಿಗೆ ಒಬ್ಬೊಬ್ಬರನ್ನಾಗಿ ಕಳಿಸಿ, ತಾವೇ ಬಾಗಿಲಲ್ಲಿ ಸಿಳ್ಳೆ ಹಾಕುತ್ತ ಕಾವಲು ನಿಂತರು. ಎಂಟೂ ಚೊಕ್ಕಟ. ನಿನ್ನದು ಮಾತ್ರ ಬೆಳಗ್ಗೆ ಎದ್ದಕೂಡಲೇ ಹಿಡಿದ ಮೊದಲ ನೀರು ಬೇಕಿತ್ತು, ಕ್ಷಯದ ಕ್ರಿಮಿ ಹುಡುಕಲು. ಅದನ್ನು ಮನೆಯಿಂದಲೇ ತರಬೇಕು. ಗುರುವಾರ ಬೆಳಗ್ಗೆ ನೀನು ಬಾಟಲಿ ತಂದುಕೊಟ್ಟೆ. ಕೊಡುವಾಗ ನನ್ನ ಮುಖ ನೋಡಲಿಲ್ಲ.

ಒಂದೇ ಒಂದು ಮಿನುಗುವ ಕಣ ಇರಲಿಲ್ಲ. ಚಪ್ಪಟೆ ಕಣಗಳು ರಾಶಿ ಬಿದ್ದಿದ್ದವು. ನಿನ್ನ ಅಮ್ಮನದು ಅಂತ ನನಗೆ ಆಗಲೇ ತಿಳಿಯಿತು, ನಿಮ್ಮ ಮನೆಯಲ್ಲಿದ್ದ ಹೆಂಗಸು ಸಾನ್ನಾ ಅಮ್ಮ ಒಬ್ಬಳೇ. ಗಂಡನನ್ನೂ ದೊಡ್ಡ ಮಗಳನ್ನೂ ಕ್ಷಯದ ಆಸ್ಪತ್ರೆಗೆ ಕಳಿಸಿ ಇಬ್ಬರನ್ನೂ ಕಳೆದುಕೊಂಡವಳು. "ಅಲ್ಲಿಗೆ ಹೋದೋರು ನನಗೆ ಪೆಟ್ಟಿಗೆಯಲ್ಲಿ ವಾಪಸ್ ಬಂದ್ರು. ಗ್ರೀನ್‌ಲ್ಯಾಂಡಿಗೆ ಹೋದ್ರೆ ಕಾಲ ಮೇಲೆ ನಡ್ಕೊಂಡಾದ್ರೂ ಬರ್ತಾನೆ" ಅಂತ ಆಮೇಲೆ ನನ್ನ ಮುಖಕ್ಕೇ ಹೇಳಿದಳು. ಅವಳನ್ನು ನಾನು ಒಂದು ದಿನವೂ ತಪ್ಪು ತಿಳಿಯಲಿಲ್ಲ. ಆ ಮಾತಾದ ಮೇಲೆ ಅವಳು ಸಾಯುವ ತನಕ ನನ್ನ ಜೊತೆ ಮಾತಾಡಲಿಲ್ಲ, ಅದನ್ನೂ ತಪ್ಪು ತಿಳಿಯಲಿಲ್ಲ.

ಆ ಗುರುವಾರದ ಮಧ್ಯಾಹ್ನವನ್ನು ನಾನು ಮೂವತ್ತೆರಡು ವರ್ಷದಿಂದ ನೆನೆಯುತ್ತಿದ್ದೇನೆ. ಚೀಟಿ ಮುಂದಿತ್ತು, ಪೆನ್ನು ಕೈಯಲ್ಲಿತ್ತು. 'ಏನೂ ಇಲ್ಲ' ಅಂತ ಎರಡು ಪದ ಬರೆದಿದ್ದರೆ ನೀನು ಶನಿವಾರ ಹೊರಡುತ್ತಿದ್ದೆ. ಸುಳ್ಳೂ ಆಗುತ್ತಿರಲಿಲ್ಲ, ಆ ಬಾಟಲಿಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ನಿಮ್ಮ ಮನೆ ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ. ನೇರ ನಿನ್ನ ಹತ್ತಿರ ಬಂದು, ಸಕಾರಿಸ್, ಇದು ನಿನ್ನದಲ್ಲ, ನಿಜದ್ದು ಕೊಡು ಅಂತ ಕೇಳಬಹುದಿತ್ತು. ಕೋಟು ಹಾಕಿಕೊಂಡು ಅರ್ಧ ದಾರಿ ಬಂದೂ ಇದ್ದೆ. ನಿಮ್ಮ ಮೀನು ಒಣಗಿಸುವ ಕೊಟ್ಟಿಗೆಯ ಹತ್ತಿರ ನಿಂತೆ. ನೀನು ಒಳಗೆ ಯಾರೊಡನೆಯೋ ಮಾತಾಡುತ್ತಿದ್ದೆ, ಗಂಟು ಕಟ್ಟುವ ಸಡಗರ. ನಿನ್ನ ದನಿ ಕೇಳಿದ್ದೇ ತಡ ನನಗೆ ಗೊತ್ತಾಗಿಹೋಯಿತು. ಮುಖ ನೋಡಿದೆನೋ, ಮುಗಿಯಿತು. ನೀನು ಒಂದು ಮಾತು ಕೇಳಿಕೊಂಡರೆ ಸಾಕು, ವಾಪಸ್ ಹೋಗಿ 'ಏನೂ ಇಲ್ಲ' ಅಂತ ಬರೆದುಬಿಡುತ್ತೇನೆ. ಅಷ್ಟು ಪ್ರೀತಿ ಇತ್ತು ನನಗೆ ನಿನ್ನ ಮೇಲೆ. ಅಲ್ಲಿಂದಲೇ ತಿರುಗಿ ಡಾಕ್ಟರ ಹತ್ತಿರ ಹೋದೆ. ಇದು ಹೆಂಗಸಿನದು ಅಂದೆ.

ಡಾಕ್ಟರ್ ಬಂದರದಲ್ಲಿ ನಿನ್ನ ಗಂಟನ್ನು ಹಡಗಿನಿಂದ ಇಳಿಸಿದರು. ಊರೆಲ್ಲ ನೋಡುತ್ತಿತ್ತು. ನೀನು ನನ್ನ ಹತ್ತಿರ ಬಂದು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದೆ: "ಮೊದಲು ನನಗೆ ಹೇಳ್ಬೇಕಿತ್ತು ಎಲ್ಸ್ಪಾ. ನನಗೆ ಹೇಳಿ ಆಮೇಲೆ ಯಾರಿಗೆ ಬೇಕಾದ್ರೂ ಹೇಳ್ಬಹುದಿತ್ತು." ಅಷ್ಟು ಹೇಳಿ ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ರಾಜಧಾನಿಗೆ ಹೋಗುವ ದೋಣಿ ಹತ್ತಿದೆ. ಅದೇ ನಾನು ನಿನ್ನ ಬಾಯಿಂದ ಕೇಳಿದ ಕೊನೆಯ ಮಾತು.

ಇಪ್ಪತ್ತೆರಡು ತಿಂಗಳು ನೀನು ಅಲ್ಲಿನ ಕ್ಷಯದ ಆಸ್ಪತ್ರೆಯಲ್ಲಿದ್ದೆ. ಎಡಗಡೆಯ ಮೂತ್ರಪಿಂಡ ತೆಗೆದರು. ನಾನು ಹನ್ನೊಂದು ಪತ್ರ ಬರೆದೆ. ಹನ್ನೆರಡನೆಯದನ್ನು ಬರೆಯುವ ಹೊತ್ತಿಗೆ, ಅಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ತೆಂಕಣ ದ್ವೀಪದ ಮಾಲಾನ್‌ಳ ಜೊತೆ ನಿನ್ನ ಮದುವೆ ಗೊತ್ತಾಯಿತು ಅಂತ ಸುದ್ದಿ ಬಂತು. ಅವಳ ಊರಿಗೇ ಹೋಗಿ ದೋಣಿ ಕಟ್ಟುವ ಕೆಲಸಕ್ಕೆ ಸೇರಿದೆಯಂತೆ. ನಾನು ಆ ಹನ್ನೆರಡನೆಯ ಪತ್ರವನ್ನು ಒಲೆಗೆ ಹಾಕಿ, ಹೊಟ್ಟೆಕಿಚ್ಚಿನಿಂದ ಒಂದು ವಾರ ಊಟ ಬಿಟ್ಟೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಐವತ್ತೇಳರ ಏಪ್ರಿಲಿನಲ್ಲಿ ಮೊದಲ ಬಾಟಲಿ ಬಂತು. ಒಂದೇ ಮೂತ್ರಪಿಂಡ ಉಳಿದವರು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಬೇಕು ಅಂತ ಇತ್ತು. ನಿಮ್ಮ ದ್ವೀಪದಲ್ಲೇ ಕೊಡಬಹುದಾಗಿತ್ತು, ಅಲ್ಲೂ ಆಸ್ಪತ್ರೆ ಇದೆ. ನೀನು ಇಲ್ಲಿಗೆ ಕಳಿಸಿದೆ. ಕುತ್ತಿಗೆಗೆ ನೇರಳೆ ನೂಲು. ಪತ್ರ ಇರಲಿಲ್ಲ, ಒಂದು ಅಕ್ಷರ ಇರಲಿಲ್ಲ. ಇದು ನನ್ನದೇ, ಯಾರದ್ದೂ ಅಲ್ಲ, ನಂಬು ಅಂತ ಆ ನೂಲು ಹೇಳಿತು. ನಾನು ಮೈಕ್ರೋಸ್ಕೋಪಿನ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಕಣ್ಣು ಒರೆಸಿಕೊಂಡು ನೋಡಿದೆ, ಬಿಳಿ ಕಣ ಎರಡೇ ಎರಡು. ಚಿಂತೆಯಿಲ್ಲ ಅಂತ ಬರೆದೆ.

ಅಲ್ಲಿಂದ ಇಲ್ಲಿಯವರೆಗೆ ನಮ್ಮಿಬ್ಬರ ಸಂಸಾರ ಇಷ್ಟೇ, ವರ್ಷಕ್ಕೆ ಒಂದು ಬಾಟಲಿ, ಒಂದು ಚೀಟಿ. ಆದರೂ ನಿನ್ನ ಬಗ್ಗೆ ನನಗೆ ಎಷ್ಟು ಗೊತ್ತು ಅಂತ ತಿಳಿದರೆ ನೀನು ನಾಚಿಕೊಳ್ಳುತ್ತೀಯ. ಅರವತ್ತೊಂದರಲ್ಲಿ ನಿನಗೆ ಜ್ವರ ಬಂದಿತ್ತು. ಅರವತ್ತೆಂಟರಲ್ಲಿ ನೀನು ನೀರು ಕುಡಿಯುವುದನ್ನೇ ಮರೆತು ದುಡಿಯುತ್ತಿದ್ದೆ, ಬಾಟಲಿಯ ಬಣ್ಣ ನೋಡಿ ಬೈದುಕೊಂಡೆ. 'ನೀರು ಜಾಸ್ತಿ ಕುಡಿಯಬೇಕು' ಅಂತ ಚೀಟಿಯ ಮೂಲೆಯಲ್ಲಿ ಬರೆದೆ, ಮುಂದಿನ ವರ್ಷ ಬಣ್ಣ ತೆಳುವಾಗಿತ್ತು. ಆ ಬಣ್ಣ ನೋಡಿ ನಾನು ಎಷ್ಟು ದಿನ ಬೀಗಿದೆ ಗೊತ್ತಾ? ಎಪ್ಪತ್ತಮೂರರಲ್ಲಿ ಬಾಟಲಿ ಹತ್ತು ದಿನ ತಡವಾಯಿತು. ಸಾನ್ನಾ ಅಮ್ಮ ತೀರಿಹೋದ ವರ್ಷ ಅದು. ಆ ಹತ್ತು ದಿನ ನಾನು ಪ್ರತಿ ದೋಣಿಗೂ ಬಂದರಕ್ಕೆ ಹೋಗಿ ನಿಂತೆ, ಟಪಾಲಿನ ವಿಲ್ಲುಮ್ "ಯಾರಾದ್ರೂ ಬರ್ಬೇಕಿತ್ತಾ ಎಲ್ಸ್ಪಾ?" ಅಂತ ಕೇಳಿದ. ಅವನು ನನ್ನನ್ನು ಮದುವೆಗೆ ಎರಡು ಸಲ ಕೇಳಿದವನು. ಇಲ್ಲ, ಸುಮ್ಮನೆ ಗಾಳಿಗೆ ಬಂದೆ ಅಂದೆ. ಆಲಿಕಲ್ಲು ಬೀಳುತ್ತಿತ್ತು.

ಮತ್ತೆ ಆ ನೂಲು. ಮೊದಮೊದಲು ಗಾಢ ಬಣ್ಣ, ಆಮೇಲೆ ವರ್ಷ ವರ್ಷಕ್ಕೂ ಮಾಸುತ್ತ ಬಂತು. ಮಫ್ಲರನ್ನು ನೀನು ಬಿಸಾಕಿಲ್ಲ, ಒಂದು ತುದಿಯಿಂದ ಬಿಚ್ಚುತ್ತ ಬಂದಿದ್ದೀಯ ಅಂತ ನನಗೆ ತಿಳಿಯುತ್ತಿತ್ತು. ನಾನೇ ಹೆಣೆದದ್ದಲ್ಲವೇ. ವರ್ಷಕ್ಕೆ ಗೇಣುದ್ದ ಹೋದರೂ ಅದು ಮುಗಿಯುವುದಿಲ್ಲ, ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತದೆ.

ಅದಕ್ಕೇ ನಿನ್ನೆ ನನಗೆ ಇಷ್ಟು ನೋವಾಯಿತು ಸಕಾರಿಸ್. ಬೇರೆಯವರ ನೀರು ಕಳಿಸಿದ್ದಕ್ಕಲ್ಲ. ಅದರ ಕುತ್ತಿಗೆಗೂ ಆ ನೂಲು ಕಟ್ಟಿದ್ದಕ್ಕೆ. ಅದೊಂದರ ವಿಷಯದಲ್ಲಿ ನೀನು ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ನಿನ್ನನ್ನು ಪ್ರೀತಿಸಿದವರೆಲ್ಲ ನೀನು ಕೇಳಿದಾಗ ಕೊಟ್ಟಿದ್ದಾರೆ. ಅವತ್ತು ನಿನ್ನ ಅಮ್ಮ, ಇವತ್ತು ಮಾಲಾನ್ ಇಲ್ಲವೇ ನಿನ್ನ ಮಗಳು. ಒಲೆಯ ಮುಂದೆ ಕೂತು ನೀನು ಕೇಳಿಕೊಂಡಿರುತ್ತೀಯ, ಅವರಿಗೆ ಇಲ್ಲ ಅನ್ನಲು ಆಗಿರುವುದಿಲ್ಲ. ಇಲ್ಲ ಅಂದವಳು ನಾನೊಬ್ಬಳೇ. ಅದಕ್ಕೆ ನನಗೆ ಸಿಕ್ಕಿದ್ದು ಮೂವತ್ತು ಎಳೆ ನೂಲು. ಪರವಾಗಿಲ್ಲ, ನೀನು ಬದುಕಿದೆ. ಅಷ್ಟು ವರ್ಷ ಬದುಕಿ, ಇಬ್ಬರು ಮಕ್ಕಳನ್ನು ಬೆಳೆಸಿ, ಮಗನನ್ನು ಕ್ಯಾಪ್ಟನ್ ಮಾಡಿದೆ. ಆ ಮಗನ ಹಡಗಿನಲ್ಲಿ ಹೋಗಬೇಕು ಅಂತ ನಿನಗೆ ಆಸೆಯಾದರೆ ಅದು ತಪ್ಪೇ? ನಾನಾಗಿದ್ದರೂ ಆಸೆಪಡುತ್ತಿದ್ದೆ.

ಆದರೆ ಉಳಿದಿರುವುದು ಒಂದೇ ಒಂದು ಮೂತ್ರಪಿಂಡ. ಅಲ್ಲಿ ಏನಾಗಿದೆಯೋ ನನಗೆ ಗೊತ್ತಿಲ್ಲ, ನೋಡಿದರಲ್ಲವೇ ಗೊತ್ತಾಗುವುದು. ಹಳೇ ಕಾಯಿಲೆ ಮರಳಿರಬಹುದು, ಕಲ್ಲು ಇರಬಹುದು, ಬರೀ ಒಂದು ವಾರದ ಮಾತ್ರೆಗೆ ಹೋಗುವಂಥದ್ದೂ ಇರಬಹುದು. ಕ್ಷಯವೇ ಆಗಿದ್ದರೂ ಈಗ ಯಾರನ್ನೂ ಎರಡು ವರ್ಷ ಮಲಗಿಸುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಮುಗಿಯಿತು. ನಿನ್ನನ್ನು ಮಲಗಿಸಿದ್ದ ಆ ಆಸ್ಪತ್ರೆಯೇ ಈಗಿಲ್ಲ, ಅಲ್ಲಿ ಮಕ್ಕಳು ಪಾಠ ಓದುತ್ತಾರೆ. ಇದನ್ನೆಲ್ಲ ಇಲ್ಲಿ ಗುಣ ಮಾಡಬಹುದು. ಮಂಜುಗಡ್ಡೆಯ ನಡುವೆ, ನಿನ್ನ ಮಗನ ಕಣ್ಣೆದುರಿಗೆ ಆ ಒಂದು ಮೂತ್ರಪಿಂಡವೂ ನಿಂತುಹೋದರೆ ಅವನು ಏನು ಮಾಡಬೇಕು? ಹಡಗು ತಿರುಗಿಸಿದರೂ ದಡ ಸಿಗಲು ದಿನಗಳು ಬೇಕು. ಹಾನುಸನ ಹಡಗಿನಲ್ಲಿ ಐವತ್ತಮೂರರಲ್ಲಿ ಸತ್ತವನನ್ನು ಹೇಗೆ ತಂದರು ಅಂತ ನಿನಗೆ ನೆನಪಿದೆ. ನಿನ್ನ ಮಗ ನಿನ್ನನ್ನು ಹಾಗೆ ತರಬಾರದು.

ಸೋಮವಾರದ ಚೀಟಿ ಇನ್ನೂ ನನ್ನ ಮೇಜಿನ ಮೇಲೆ ಖಾಲಿ ಇದೆ. ಯಾರಿಗೂ ಹೇಳಿಲ್ಲ. ಈಗಿನ ಡಾಕ್ಟರ್ ಹುಡುಗಿ ಎರಡು ಸಲ ಕೇಳಿದಳು, ಆಗುತ್ತದೆ ಅಂದೆ. ಈ ಪತ್ರ ನಾಳೆಯ ದೋಣಿಯಲ್ಲಿ ನಿನ್ನ ಕೈಸೇರುತ್ತದೆ. ಗುರುವಾರ ಮಧ್ಯಾಹ್ನ ದೋಣಿ ಇಲ್ಲಿಗೆ ಮರಳುತ್ತದೆ. ಅದರಲ್ಲಿ ನಿನ್ನದೇ ಬಾಟಲಿ ಬರಬೇಕು, ಬೆಳಗಿನ ಮೊದಲ ನೀರು. ಬರದಿದ್ದರೆ ಶುಕ್ರವಾರ ಬೆಳಗ್ಗೆ ಇದು ಹೆಂಗಸಿನದು ಅಂತ ಅದೇ ಎರಡು ಪದ ಬರೆದು ಡಾಕ್ಟರಿಗೆ ಕೊಡುತ್ತೇನೆ. ಮೈಮರೆಯಬೇಡ, ಬರೆದೇ ಬರೆಯುತ್ತೇನೆ. ಹೋದ ಸಲ ಹೇಳುವಾಗ ಕಳೆದುಕೊಳ್ಳಲು ನೀನಿದ್ದೆ. ಈ ಸಲ ಕಳೆದುಕೊಳ್ಳಲು ವರ್ಷಕ್ಕೊಂದು ಬಾಟಲಿ ಮಾತ್ರ ಇದೆ, ಅದೂ ಮುಗಿಯುತ್ತ ಬಂತು. ಜುಲೈಗೆ ನನಗೆ ನಿವೃತ್ತಿ. ಮುಂದಿನ ವರ್ಷದಿಂದ ಬಾಟಲಿಗಳೆಲ್ಲ ರಾಜಧಾನಿಗೆ ಹೋಗುತ್ತವೆ, ಅಲ್ಲಿ ಯಂತ್ರ ಎಣಿಸುತ್ತದಂತೆ. ಯಂತ್ರ ಬಾಗಿಲು ಹಾಕಿಕೊಳ್ಳುವುದಿಲ್ಲ.

ಚೊಕ್ಕಟವಾಗಿದ್ದರೆ ಆ ಮಧ್ಯಾಹ್ನವೇ ಟೆಲಿಫೋನ್ ಮಾಡಿ ಹೇಳುತ್ತೇನೆ, ಶನಿವಾರ ನೀನು ಹೊರಡು. ನಿಮ್ಮ ಬಂದರಕ್ಕೆ ಬರಲಾಗದಿದ್ದರೂ ಇಲ್ಲಿಂದಲೇ ಕೈ ಬೀಸುತ್ತೇನೆ. ಇಲ್ಲದಿದ್ದರೆ ನಿನ್ನ ಗ್ರೀನ್‌ಲ್ಯಾಂಡನ್ನು ಎರಡನೆಯ ಸಲವೂ ಕಿತ್ತುಕೊಂಡವಳು ನಾನೇ ಆಗುತ್ತೇನೆ. ಬೈದುಕೋ. ಆದರೆ ಬದುಕಿದ್ದು ಬೈದುಕೋ.

ಮಾಲಾನ್‌ಳ ಮೇಲೆ ಕೂಗಾಡಬೇಡ. ಅವಳಿಗೆ ನನ್ನ ನಮಸ್ಕಾರ ಹೇಳು. ಮೂವತ್ತು ವರ್ಷ ಬಾಟಲಿ ಸುತ್ತಲು ಕಾಲುಚೀಲ ಕೊಟ್ಟವಳು ಅವಳೇ ಇರಬೇಕು, ಹೊಲಿಗೆ ನೋಡಿದರೆ ತಿಳಿಯುತ್ತದೆ.

ಈ ವರ್ಷದ ನೂಲನ್ನು ಡಬ್ಬಿಯಿಂದ ತೆಗೆದು ಈ ಪತ್ರದೊಳಗೆ ಇಟ್ಟಿದ್ದೇನೆ. ಅದನ್ನು ನಾನು ಇಟ್ಟುಕೊಳ್ಳುವ ಹಾಗಿಲ್ಲ. ಸರಿಯಾದ ಬಾಟಲಿಗೆ ಕಟ್ಟಿ ವಾಪಸ್ ಕಳಿಸು. ಕಳಿಸುವ ಬದಲು ನೀನೇ ತರುತ್ತೀಯಾದರೆ ನೂಲು ಬೇಡ, ಮಫ್ಲರ್ ಸುತ್ತಿಕೊಂಡು ಬಾ, ಎಷ್ಟು ಉಳಿದಿದೆಯೋ ಅಷ್ಟು. ದೋಣಿ ಬರುವಾಗ ನಾನು ಬಂದರದಲ್ಲಿ ಇರುತ್ತೇನೆ. ಯಾರಾದರೂ ಬರಬೇಕಿತ್ತಾ ಅಂತ ವಿಲ್ಲುಮ್ ಕೇಳಿದರೆ ಈ ಸಲ ಹೌದು ಅನ್ನುತ್ತೇನೆ.

ತಣ್ಣಗಿರು ಸಕಾರಿಸ್, ನೂರು ವರ್ಷ ಬಾಳು. ನೀರು ಜಾಸ್ತಿ ಕುಡಿ. ಯಾರಿಗೂ ಹೇಳಿಲ್ಲ, ಮೊದಲು ನಿನಗೇ ಹೇಳಿದ್ದೇನೆ.

ಎಲ್ಸ್ಪಾ